ಡೆಡ್‌ವುಡ್‌ಗೆ ಹೊರಟವರಿಗೆ: ಕಪ್ಪು ಎಕ್ಕ, ಕಪ್ಪು ಎಂಟರ ಊರು

ಕೈಗೆ ಐದು ಎಲೆ ಬರುವ ಪೋಕರ್ ಎಂಬ ಇಸ್ಪೀಟು ಆಟದಲ್ಲಿ ಎರಡು ಕಪ್ಪು ಎಕ್ಕ, ಎರಡು ಕಪ್ಪು ಎಂಟು ಒಟ್ಟಿಗೆ ಬಂದರೆ ಅದನ್ನು ‘ಡೆಡ್ ಮ್ಯಾನ್ಸ್ ಹ್ಯಾಂಡ್’, ಅಂದರೆ ಸತ್ತವನ ಕೈಯ ಎಲೆಗಳು ಎನ್ನುತ್ತಾರೆ. ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್ ಕೊಲೆಯಾದಾಗ ಅವನ ಕೈಯಲ್ಲಿದ್ದವು ಇವೇ ಎಲೆಗಳು ಎಂಬುದು ಕಥೆ. ಆ ಕಥೆಯ ಊರನ್ನು ನೋಡಲೆಂದೇ ನಾವು ಜೂನ್ ತಿಂಗಳಲ್ಲಿ ಅಮೆರಿಕದ ಸೌತ್ ಡಕೋಟಾ ರಾಜ್ಯದ ಡೆಡ್‌ವುಡ್‌ಗೆ ಹೋಗಿದ್ದೆವು.

ವಿಮಾನದಲ್ಲಿ ರ‍್ಯಾಪಿಡ್ ಸಿಟಿಗೆ ಬಂದಿಳಿದು ಬಾಡಿಗೆ ಕಾರು ಹಿಡಿಯುವುದು ಅನುಕೂಲ. ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಕೊಲೆ ನಡೆದ ಆಗಸ್ಟ್ 2ರಂದೇ ಅಲ್ಲಿರಬೇಕೆಂಬ ಆಸೆ ಸಹಜವಾದರೂ, ಆಗಸ್ಟ್ ಮೊದಲ ಭಾಗದಲ್ಲಿ ಪಕ್ಕದ ಸ್ಟರ್ಜಿಸ್‌ನಲ್ಲಿ ಮೋಟಾರ್‌ಸೈಕಲ್ ಜಾತ್ರೆ ನಡೆಯುವುದರಿಂದ ಕೊಠಡಿ ಸಿಗುವುದು ಕಷ್ಟ.

1876ರಲ್ಲಿ ವೈಲ್ಡ್ ಬಿಲ್ ಹಿಕಾಕ್ ಇಲ್ಲಿನ ಸಲೂನಿನಲ್ಲಿ, ಅಂದರೆ ಮದ್ಯದಂಗಡಿಯಲ್ಲಿ, ಇಸ್ಪೀಟು ಆಡುತ್ತಿದ್ದ. ಸದಾ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ ಆತನಿಗೆ ಅಂದು ಆ ಜಾಗ ಸಿಗಲಿಲ್ಲ. ಜ್ಯಾಕ್ ಮ್ಯಾಕಾಲ್ ಹಿಂದಿನಿಂದ ಬಂದು ತಲೆಗೆ ಗುಂಡು ಹೊಡೆದ. ಗಣಿಗಾರರ ಪಂಚಾಯ್ತಿ ಮ್ಯಾಕಾಲ್‌ನನ್ನು ಖುಲಾಸೆ ಮಾಡಿತು. ಆದರೆ ಅಮೆರಿಕ ಸರ್ಕಾರ 1868ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಆ ನೆಲ ಮೂಲನಿವಾಸಿ ಲಕೋಟಾ ಜನರದು, ಊರೇ ಅಕ್ರಮ. ಹಾಗಾಗಿ ಆ ತೀರ್ಪಿಗೆ ಕಾನೂನಿನ ಬೆಲೆ ಇರಲಿಲ್ಲ. ಡಕೋಟಾ ಪ್ರಾಂತ್ಯದ ಅಂದಿನ ರಾಜಧಾನಿ ಯಾಂಕ್ಟನ್‌ನಲ್ಲಿ ಮರುವಿಚಾರಣೆ ನಡೆದು 1877ರ ಮಾರ್ಚ್ 1ರಂದು ಅವನನ್ನು ಗಲ್ಲಿಗೇರಿಸಿದರು. ನನಗೆ ಇಸ್ಪೀಟು ಎಲೆಗಳಿಗಿಂತ ಈ ಭಾಗವೇ ಹೆಚ್ಚು ಕಾಡಿತು.

ಎಲೆಗಳ ವಿಚಾರಕ್ಕೆ ಬಂದರೆ, ಆ ಕಾಲದ ವರದಿಗಳಲ್ಲಿ ಎಕ್ಕ, ಎಂಟರ ಮಾತೇ ಇಲ್ಲ. 1886ರಲ್ಲಿ ‘ಡೆಡ್ ಮ್ಯಾನ್ಸ್ ಹ್ಯಾಂಡ್’ ಎಂದು ಕರೆಯುತ್ತಿದ್ದುದು ಮೂರು ಗುಲಾಮ, ಎರಡು ಹತ್ತನ್ನು; ಹಿಕಾಕ್‌ನ ಕೈಯ ಎಲೆಗಳ ಕಥೆ ಜನಪ್ರಿಯವಾದದ್ದು 1926ರಲ್ಲಿ ಪ್ರಕಟವಾದ ಅವನ ಜೀವನಚರಿತ್ರೆಯಿಂದ. ಹೀಗಾಗಿ ಐದನೆಯ ಎಲೆ ಯಾವುದೆಂದು ಯಾರಾದರೂ ಖಚಿತವಾಗಿ ಹೇಳಿದರೆ ದಯವಿಟ್ಟು ನಂಬಬೇಡಿ.

ಕೊಲೆ ನಡೆದ ಸಲೂನಿನ ಮೂಲ ಕಟ್ಟಡ 1879ರ ಬೆಂಕಿಗೆ ಆಹುತಿಯಾಗಿದೆ. ಇಂದಿನ ‘ಸಲೂನ್ ನಂಬರ್ 10’ ಅದೇ ರಸ್ತೆಯಲ್ಲಿದ್ದರೂ ಕೊಲೆ ನಡೆದ ಜಾಗ ಅದಲ್ಲ. ಮೂಲ ಸ್ಥಳವನ್ನು ಕೇಳಿಕೊಂಡು ಹೋಗಿ. ಜೂಜಾಟಕ್ಕೆ 21 ವರ್ಷ ತುಂಬಿರಬೇಕು, ಮಕ್ಕಳೊಂದಿಗೆ ಹೋಗುವವರು ಇದನ್ನು ಗಮನಿಸಿ.

ಹಿಕಾಕ್‌ನ ಸಮಾಧಿ ಮೌಂಟ್ ಮೊರಾಯಾ ಗುಡ್ಡದ ಮೇಲಿದೆ. ಪ್ರವೇಶಕ್ಕೆ ಸಣ್ಣ ಶುಲ್ಕವಿದೆ. ಪಕ್ಕದಲ್ಲಿಯೇ ಆ ಕಾಲದ ಹೆಸರಾಂತ ಸಾಹಸಿ ಹೆಂಗಸು ಕಲಾಮಿಟಿ ಜೇನ್‌ಳನ್ನು 1903ರಲ್ಲಿ ಹೂಳಲಾಗಿದೆ. ಬೇಲಿಯೊಳಗೆ ಯಾರೋ ಇಟ್ಟುಹೋಗಿದ್ದ ಕಳಾವರದ ಎಕ್ಕವೊಂದು ರಾತ್ರಿಯ ಮಳೆಗೆ ನೆನೆದು ಅಂಚು ಸುರುಳಿಯಾಗಿತ್ತು, ಅದರ ಮೇಲೆ ಒಂದು ನಾಣ್ಯ ಭಾರಕ್ಕಿತ್ತು. ಏರು ಕಡಿದಾಗಿರುವುದರಿಂದ ಬೆಳಿಗ್ಗೆಯೇ ಹೋಗಿ, ನೀರು ಜೊತೆಗಿರಲಿ. ಇನ್ನೂ ಮೇಲಿರುವ, ಡೆಡ್‌ವುಡ್‌ನ ಮೊದಲ ಶೆರಿಫ್ (ಕಾನೂನು ಪಾಲನಾ ಅಧಿಕಾರಿ) ಸೇತ್ ಬುಲಕ್‌ನ ಸಮಾಧಿಗೂ ಸಮಯ ಉಳಿಸಿಕೊಳ್ಳಿ.