ಹಿತ್ತಲ ಟೊಮೆಟೊ ಒಟ್ಟಿಗೆ ಹಣ್ಣಾದಾಗ

ಪೊದೆಯಂತೆ ಹರಡಿ ಒಂದು ಎತ್ತರಕ್ಕೆ ನಿಂತುಬಿಡುವ ಟೊಮೆಟೊ ತಳಿಗಳು ಕೆಲವೇ ವಾರಗಳಲ್ಲಿ ತಮ್ಮ ಬಹುಪಾಲು ಫಸಲನ್ನು ಕೊಟ್ಟು ಮುಗಿಸುತ್ತವೆ. ನಿನ್ನೆಯವರೆಗೆ ಒಂದೆರಡು ಹಣ್ಣಿಗಾಗಿ ಗಿಡದ ಸುತ್ತ ಸುಳಿಯುತ್ತಿದ್ದವರಿಗೆ ಇಂದು ಬುಟ್ಟಿ ಸಾಲುವುದಿಲ್ಲ. ಈ ಹೊತ್ತಿಗೆ ಸೂಪಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ, ಏಕೆಂದರೆ ತೊಟ್ಟಿನ ಬಳಿ ಸೀಳಿದ, ಸೊಟ್ಟಗಾದ, ಅತಿಯಾಗಿ ಮಾಗಿದ ಹಣ್ಣುಗಳಿಗೂ ಅದರಲ್ಲಿ ಜಾಗವಿದೆ. ಬೂಷ್ಟು ಹಿಡಿದವು ಮಾತ್ರ ನೇರವಾಗಿ ಗೊಬ್ಬರದ ಗುಂಡಿಗೆ ಹೋಗಬೇಕು.

ಕೊಯ್ದ ಹಣ್ಣನ್ನು ಫ್ರಿಜ್ಜಿನಲ್ಲಿಡದೆ ಒಂದೇ ಪದರವಾಗಿ ನೆರಳಿನಲ್ಲಿ ಹರಡಿಡುವುದು ಒಳಿತು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ಜಾಗದಲ್ಲಿ ಕೆಲವು ದಿನ ಇಟ್ಟರೆ ಪರಿಮಳ ಕೊಡುವ ಅಂಶಗಳು ಕುಗ್ಗುತ್ತವೆ, ಮತ್ತು ಪರಿಮಳವೇ ಇಲ್ಲದ ಮೇಲೆ ಮನೆಯಲ್ಲಿ ಬೆಳೆದು ಏನು ಬಂತು?

ಅನೇಕ ಪಾಕವಿಧಾನಗಳು ಮೊದಲು ಬೀಜವನ್ನು ತೆಗೆದುಹಾಕಿ ಎನ್ನುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಬೀಜದ ಸುತ್ತಲಿನ ಲೋಳೆಯಲ್ಲಿ ಗ್ಲುಟಾಮಿಕ್ ಆಮ್ಲವು ಹೊರಗಿನ ತಿರುಳಿಗಿಂತ ಹೆಚ್ಚಾಗಿರುತ್ತದೆ. ಸೂಪಿನ ರುಚಿ ನಾಲಿಗೆಯ ಮೇಲೆ ನಿಲ್ಲುವಂತೆ ಮಾಡುವುದು ಅದೇ. ಆದ್ದರಿಂದ ಎಲ್ಲವನ್ನೂ ಸೇರಿಸಿಯೇ ಬೇಯಿಸಿ, ಕೊನೆಯಲ್ಲಿ ಜರಡಿಗೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ಸೋಸಿದರೆ ಬೀಜವೂ ಸಿಪ್ಪೆಯೂ ಮೇಲೆ ಉಳಿದು ಸಾರವೆಲ್ಲ ಕೆಳಗಿಳಿಯುತ್ತದೆ.

ಸೂಪು ನೀರಾಗುವುದಕ್ಕೆ ಹಣ್ಣಿನ ತೂಕದಲ್ಲಿ 90 ಶೇಕಡಕ್ಕೂ ಹೆಚ್ಚು ನೀರೇ ಇರುವುದೊಂದೇ ಕಾರಣವಲ್ಲ. ಹೆಚ್ಚಿದ ಕೂಡಲೇ ಹಣ್ಣಿನೊಳಗಿನ ಕಿಣ್ವಗಳು ಅದಕ್ಕೆ ಮಂದತೆ ಕೊಡುವ ಪೆಕ್ಟಿನ್ ಅನ್ನು ಒಡೆಯಲು ತೊಡಗುತ್ತವೆ, ಬಿಸಿ ತಾಗಿದ ಮೇಲೆಯೇ ಅವುಗಳ ಆಟ ನಿಲ್ಲುತ್ತದೆ. ಒಂದು ದೊಡ್ಡ ಪಾತ್ರೆ ತುಂಬ ಹೆಚ್ಚಿಟ್ಟುಕೊಂಡು ಆಮೇಲೆ ಒಲೆ ಹಚ್ಚುವ ಬದಲು ಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿ, ಕುದಿಯುತ್ತಿರುವ ಪಾತ್ರೆಗೇ ಸೇರಿಸುತ್ತಾ ಹೋದರೆ ಸೂಪು ತಾನಾಗಿ ಗಟ್ಟಿ ಬರುತ್ತದೆ. ಕಾರ್ನ್‌ಫ್ಲೋರಿನ ಹಂಗು ಬೇಕಾಗುವುದಿಲ್ಲ.

ಒಂದೂವರೆ ಕಿಲೋ ಹಣ್ಣಿಗೆ ಎರಡು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಬೆಣ್ಣೆ ಸಾಕು. ಈರುಳ್ಳಿಯನ್ನು ಬೆಣ್ಣೆಯಲ್ಲಿ ಕೆಂಪಾಗದಂತೆ ಮೆತ್ತಗೆ ಬಾಡಿಸಿ, ಬೆಳ್ಳುಳ್ಳಿ ಹಾಕಿ, ಅದರ ಮೇಲೆ ಟೊಮೆಟೊ ಸೇರಿಸಿ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ತೆರೆದಿಟ್ಟು ಬೇಯಿಸಬೇಕು. ಮೊದಮೊದಲು ಚಿಟಪಟ ಸಿಡಿಯುವ ತೆಳು ನೊರೆ ಕಾಣುತ್ತದೆ. ನೀರು ಇಂಗುತ್ತಾ ಬಂದಂತೆ ಗುಳ್ಳೆಗಳು ದಪ್ಪವಾಗಿ ನಿಧಾನವಾಗಿ ಏಳತೊಡಗುತ್ತವೆ, ಪಾತ್ರೆಯ ತಳದಲ್ಲಿ ಸೌಟೆಳೆದ ಗೆರೆ ಒಂದು ಕ್ಷಣ ಉಳಿದು ಮುಚ್ಚಿಕೊಳ್ಳುತ್ತದೆ. ಒಲೆಯಿಂದ ಇಳಿಸುವುದು ಆಗಲೇ. ಹುಳಿಯು ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಕೆರಳಿಸುವುದರಿಂದ ಸ್ಟೀಲಿನ ಪಾತ್ರೆಯೇ ಇರಲಿ. ಕುದಿ ಆರುವ ಮುನ್ನ ಮಿಕ್ಸಿಗೆ ತುಂಬಿ ಮುಚ್ಚಳ ಬಿಗಿದರೆ ಹಬೆ ಮುಚ್ಚಳವನ್ನು ಎಸೆದೀತು.

ಹುಳಿ ಹೆಚ್ಚೆನಿಸಿದರೆ ಸಕ್ಕರೆ ಅದನ್ನು ಮರೆಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಚಿಟಿಕೆ ಅಡುಗೆ ಸೋಡಾ ನಿಜಕ್ಕೂ ಕಡಿಮೆ ಮಾಡುತ್ತದೆ, ನೊರೆಯುಕ್ಕಿದರೆ ಹೆದರಬೇಕಿಲ್ಲ. ಆದರೆ ಹೆಚ್ಚಾದರೆ ಸಾಬೂನಿನ ರುಚಿ. ಹಾಲು ಹಾಕಿದರೆ ಈ ಹುಳಿಗೆ ಸುಲಭವಾಗಿ ಒಡೆಯುತ್ತದೆ, ಕೊಬ್ಬು ಹೆಚ್ಚಿರುವ ಕ್ರೀಮು ತಡೆದುಕೊಳ್ಳುತ್ತದೆ.

ಉಳಿದ ಸೂಪನ್ನು ಕ್ರೀಮು ಬೆರೆಸದೆ, ಪೂರ್ತಿ ತಣಿದ ಮೇಲೆ, ಡಬ್ಬಿಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟು ಫ್ರೀಜರಿನಲ್ಲಿ ಇಡಬಹುದು, ಹೆಪ್ಪುಗಟ್ಟುವಾಗ ಅದು ಹಿಗ್ಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸೂಪಿನ ಆಮ್ಲೀಯತೆಯನ್ನು ನೆಚ್ಚುವಂತಿಲ್ಲವಾದ್ದರಿಂದ ಬಾಟಲಿಯಲ್ಲಿ ತುಂಬಿ ಕಪಾಟಿನಲ್ಲಿಡುವ ಸಾಹಸ ಬೇಡ. ತೆಗೆದ ದಿನ ಚೆನ್ನಾಗಿ ಕುದಿಸಿ, ಕಾಳುಮೆಣಸನ್ನು ಆಗಲೇ ಕುಟ್ಟಿ ಉದುರಿಸಿ, ಬೇಕಿದ್ದವರು ಕ್ರೀಮನ್ನು ತಮ್ಮ ಬಟ್ಟಲಿಗೆ ಹಾಕಿಕೊಳ್ಳಲಿ.