ಸಾವಕಾಶ ಒತ್ತು ಅಂದಿದ್ರು ಕಾಕಾ

ಕಲಬುರಗಿ ರಿಂಗ್ ರೋಡಿನ, ಗಾಡಿ ಹೊಗಿ ಟೆಸ್ಟ್ ಮಾಡೋ ಒಂದು ಎಮಿಷನ್ ಸೆಂಟರ್‌ನಾಗ 5 ವರ್ಷದಿಂದ ಕೆಲ್ಸ ಮಾಡ್ಲಾಕತ್ತೀನಿ. ಹೋದ ವರ್ಷ ಏಪ್ರಿಲ್‌ದಾಗ ಆದದ್ದೊಂದು ಇನ್ನಾ ಮನಸ್ಸಿನಿಂದ ಹೋಗವಲ್ದು, ಡೀಸೆಲ್ ಗಾಡಿ ಬಂದು ನಿಂತ್ರ ಆ ಸಪ್ಪಳಾನೇ ನೆನಪಾಗ್ತದ.

ಆಳಂದ ಕಡಿಂದ ಒಬ್ರು ಕಾಕಾ ಹಳೇ ಡೀಸೆಲ್ ಕಾರು ತಂದಿದ್ರು. ಮರುದಿನ ಇನ್ಸೂರೆನ್ಸ್ ಮುಗೀತಿತ್ತು, ಪಿಯುಸಿ (ಹೊಗಿ ಟೆಸ್ಟಿನ ಸರ್ಟಿಫಿಕೇಟ್) ತರ್ರಿ ಅಂತ ಏಜೆಂಟ್ ಕಳಿಸಿದ್ನಂತ. ಗಾಡಿಯಿಂದ ಇಳೀತಾನೇ ಅಂದ್ರು, "ತಮ್ಮಾ, ಗಾಡಿ ಹಳೀದದ, ಸ್ವಲ್ಪ ಸಾವಕಾಶ ಒತ್ತು".

ಈ ಮಾತು ನಾ ದಿನಾ ಕೇಳ್ತೀನ್ರಿ. ಡೀಸೆಲ್ ಟೆಸ್ಟ್‌ನಾಗ ನ್ಯೂಟ್ರಲ್‌ನಾಗಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ಬೇಕು, ಎಂಜಿನ್ ಸ್ಪೀಡ್ ಇನ್ನ ಏರದಂಗ ಗವರ್ನರ್ ತಡಿಯೋ ತನಕ ಏರ್ಬೇಕು, ಆಗ ಬರೋ ಹೊಗಿನೇ ಮಶೀನ್ ಅಳೀತದ. ಅರ್ಧ ಒತ್ತಿದ್ರ ಹೊಗಿ ಕಡಿಮಿ, ಹೊಗಿ ಎಷ್ಟು ದಟ್ಟ ಅಂತ ಮಶೀನ್ ತೋರಿಸೋ ಕೆ ವ್ಯಾಲ್ಯೂ ಕಡಿಮಿ, ಗಾಡಿ ಪಾಸ್. ವಾಡಿ, ಶಹಾಬಾದ ಕಡಿ ಲಾರಿ ಡ್ರೈವರ್‌ಗಳು ಇದನ್ನೇ ಕೇಳ್ತಾರ. ಅಂಥ ಸರ್ಟಿಫಿಕೇಟ್ ನನ್ನ ಕೈಯಿಂದ ಹೋಗಬಾರದು ಅಂತ ನನಗೊಂದು ಹಠ ಇತ್ತು, ಈಗೂ ಅದ, ಅದರಾಗ ತಪ್ಪೇನಿಲ್ಲ. ತಪ್ಪು ಆದದ್ದು ಎಲ್ಲಿ ಅಂದ್ರ, ಕಾಕಾನೂ ಹೊಗಿ ತಪ್ಪಿಸಲಾಕ ಹೇಳ್ತಾರ ಅಂತ ನಾ ತಿಳ್ಕೊಂಡೆ, ಯಾಕ ಅಂತ ಒಂದು ಮಾತು ಕೇಳಲಿಲ್ಲ.

ನಂಬರ್ ಪ್ಲೇಟ್ ಫೋಟೋ ಹೊಡದೆ, ಸರ್ವರ್ ನಿಂತು 10 ನಿಮಿಷ ಹೋಯ್ತು, ಹಿಂದ 4 ಗಾಡಿ ಹಾರ್ನ್ ಹೊಡೀಲತ್ತಿದ್ವು. ಆಯಿಲ್ ಟೆಂಪರೇಚರ್ ಟೆಸ್ಟಿಗಿ ಬೇಕಾದ 60 ಡಿಗ್ರಿ ದಾಟಿತ್ತು, ಆಳಂದದಿಂದ ಓಡಿ ಬಂದ ಗಾಡಿ, ಅದಕ್ಕೇನು ಕಾಯೋದು ಬೇಕಾಗಿರಲಿಲ್ಲ. ಒಂದು ಸಲ ಒತ್ತಿ ಪೈಪಿನ ಮಸಿ ಹಾರಿಸಿ ಮಶೀನಿನ ಪ್ರೋಬ್, ಅಂದ್ರ ಹೊಗಿ ಎಳಕೊಳ್ಳೋ ನಳಿಗಿ, ಪೈಪಿನೊಳಗ ಹಾಕಿದೆ. ಬಿಎಸ್ 4 ಅನ್ನೋ ಹೊಗಿ ನಿಯಮಕ್ಕಿಂತ ಹಳೇ ಗಾಡಿಗಿ ಕೆ ವ್ಯಾಲ್ಯೂ ಮಿತಿ 2.45. ಮೊದಲ ರೀಡಿಂಗ್ 2.71 ಬಂತು, ಎರಡನೇದು 2.58. ಕಾಕಾ ಕಿಡಕಿ ಮ್ಯಾಲ ಕೈ ಇಟ್ಟು ನಿಂತಿದ್ರು, "ಸಾಕಲ್ಲೇನೋ ತಮ್ಮಾ" ಅಂದ್ರು. "ಇಳೀಲತ್ತದ ಕಾಕಾ, ಇನ್ನೊಂದ್ಸಲ" ಅಂತ ಕಾಲು ಪೂರ್ತಿ ಒತ್ತಿದೆ.

ಟಪ್ ಅಂತು. ಅಷ್ಟೇ. ದೊಡ್ಡ ಸಪ್ಪಳನೂ ಅಲ್ಲ, ಎಂಜಿನ್ ಒಮ್ಮೆಲೆ ಬಂದ್. ಸ್ಕ್ರೀನ್ ಮ್ಯಾಲ ಆಕ್ಸಿಲರೇಟ್ ಮಾಡ್ರಿ ಅಂತ ಹಂಗೇ ತೋರಿಸ್ಲತ್ತಿತ್ತು. ನಾ ಗಡಬಡಿಸಿ ಎರಡು ಸಲ ಸೆಲ್ಫ್ ಹೊಡದೆ, ಎಂಜಿನ್ ಒಳಗ ದಮ್ಮೇ ಇಲ್ಲದಂಗ ಹಗುರಾಗಿ ತಿರುಗ್ತು. ಆ ಎರಡು ಸೆಲ್ಫ್ ಹೊಡೀಬಾರದಿತ್ತು ಅಂತ ಆಮ್ಯಾಲ ಗೊತ್ತಾಯ್ತು. ಹೋದದ್ದು ಟೈಮಿಂಗ್ ಬೆಲ್ಟ್, ವಾಲ್ವ್‌ಗಳನ್ನ ಪಿಸ್ಟನ್ ಜೋಡಿ ಹೊಂದಿಸಿ ನಡಸೋ ಹಲ್ಲಿನ ಪಟ್ಟಿ. ಅದು ಹೋದ ಮ್ಯಾಲ ವಾಲ್ವ್‌ಗಳು ಇದ್ದಲ್ಲೇ ನಿಂತಿರ್ತಾವ, ಪಿಸ್ಟನ್ ಮ್ಯಾಲ ಬಂದು ಅವಕ್ಕೇ ಹೊಡೀತದ.

ಬಾಜು ಗ್ಯಾರೇಜಿನ ಮೇಸ್ತ್ರಿ ಬಂದು ಕವರ್ ಬಿಚ್ಚಿ ಬೆಲ್ಟ್ ನನ್ನ ಕೈಯಾಗ ಇಟ್ಟ. ಏಳೆಂಟು ಹಲ್ಲು ಬುಡಸಮೇತ ಸುಲ್ಕೊಂಡು ಹೋಗಿದ್ವು, ಒಳಗಿನ ದಾರ ಹೊರಗ ಜೋತಾಡ್ಲತ್ತಿತ್ತು, ಅಂಚಿನ್ಯಾಗ ಉದ್ದಕ್ಕೂ ಬಿರುಕು. ಕಾಕಾ ನೋಡಿದ್ರು, ಬೈಲಿಲ್ಲ. "ಬದಲಿ ಮಾಡ್ಬೇಕು ಅಂತ ಮೇಸ್ತ್ರಿ ಹೇಳಿದ್ದ, ತೊಗರಿ ರೊಕ್ಕ ಬಂದ ಮ್ಯಾಲ ಮಾಡ್ಸೋಣ ಅಂತ ಬಿಟ್ಟಿದ್ದೆ. ಅದಕ್ಕೇ ಸಾವಕಾಶ ಅಂದಿದ್ದೆ." ಬೈದಿದ್ರ ಚೊಲೋ ಇತ್ತು.

ವಾಲ್ವ್ ಎಲ್ಲಾ ಬಾಗಿದ್ವು, ಎಂಜಿನ್ನಿನ ಮ್ಯಾಲಿನ ಭಾಗ, ಹೆಡ್, ಇಳಿಸ್ಬೇಕಾಯ್ತು. ನಮ್ಮ ಮಾಲಕ್ರು ಗ್ವಾಡಿ ಮ್ಯಾಲಿನ ಬೋರ್ಡ್ ತೋರಿಸಿದ್ರು, ಟೆಸ್ಟ್ ಟೈಮಿನ್ಯಾಗ ಏನಾದ್ರೂ ಆದ್ರ ಗಾಡಿಯವರೇ ಜವಾಬ್ದಾರಿ ಅಂತ. ನಾ ನನ್ನ ಪಗಾರದಾಗಿಂದ 6,000 ಕೊಟ್ಟೆ, ಬಿಲ್ಲಿಗಿ ಅದು ಯಾವ ಮೂಲಿಗೂ ಸಾಲಲಿಲ್ಲ. ಸೇರುವಾಗ ನನಗ ಅರ್ಧ ದಿನದ ಟ್ರೇನಿಂಗ್ ಕೊಟ್ಟಿದ್ರು, ಪ್ರೋಬ್ ಹ್ಯಾಂಗ ಹಾಕ್ಬೇಕು, ಪ್ರಿಂಟ್ ಹ್ಯಾಂಗ ತೆಗೀಬೇಕು ಅಂತ. ಫುಲ್ ಒತ್ತೋಕಿಂತ ಮೊದ್ಲು ಆಯಿಲ್ ಎಷ್ಟದ, ಬೆಲ್ಟ್ ಯಾವಾಗ ಹಾಕಿಸ್ಯಾರ ಅಂತ ಕೇಳ್ಬೇಕು ಅಂತ ಯಾರೂ ಹೇಳಲಿಲ್ಲ. ರಶೀದಿ ಮ್ಯಾಲ ಬೆಲ್ಟಿಗಿ ಒಂದು ಕಾಲಂ ಹಾಕ್ರಿ ಅಂತ ಮಾಲಕ್ರಿಗೆ ಎಷ್ಟು ಸಲ ಹೇಳೀನಿ, ಪೋರ್ಟಲ್‌ನಾಗ ಇಲ್ಲದ್ದು ನಮಗ್ಯಾಕ ಅಂತಾರ. ನಾ ನೋಟ್‌ಬುಕ್ಕಿನ್ಯಾಗ ಕೈಲೇ ಬರೀತೀನಿ, ಗಾಡಿ ನಂಬರ್, ಕಿಲೋಮೀಟರ್, ಬೆಲ್ಟ್, ಆಯಿಲ್. ಗಾಡಿಯವರಿಗೆ ಬೆಲ್ಟಿನ ಖಬರಿಲ್ಲ ಅಂದ್ರ ಮೊದ್ಲು ತೋರಿಸ್ಕೊಂಡು ಬರ್ರಿ ಅಂತೀನಿ. ಡೀಸೆಲ್ ಗಾಡಿಗಿ 5 ನಿಮಿಷ ಜಾಸ್ತಿ ಹಿಡೀತದ, ಹಿಡೀಲಿ.

ಕಾಕಾಂದು ಹಳೇ ಗಾಡಿ, 6 ತಿಂಗಳಿಗೊಮ್ಮೆ ಪಿಯುಸಿ ಬೇಕೇ ಬೇಕು. ಅಕ್ಟೋಬರ್ ಪೂರ್ತಿ ದಾರಿ ನೋಡಿದೆ, ಬರಲಿಲ್ಲ.

ಮೊನ್ನೆ ಒಬ್ಬ ಟೆಂಪೋದವ ಬಂದ, ಅವನೂ ಅದನ್ನೇ ಅಂದ, ಸಾವಕಾಶ ಒತ್ತು ಅಣ್ಣ ಅಂತ. ಗಾಡಿ ಬಂದ್ ಮಾಡ್ಸಿ ಯಾಕಪ್ಪ ಅಂತ ಕೇಳಿದೆ, ಸುಮ್ಮ ನಿಂತ. ಬಾನೆಟ್ ತೆಗದು ಡಿಪ್‌ಸ್ಟಿಕ್ ಎಳದ್ರ ಆಯಿಲ್ ಕೆಳಗಿನ ಗೆರಿನೂ ಮುಟ್ಟಿರಲಿಲ್ಲ. ಹಾಕಿಸ್ಕೊಂಡು ಬಾ ಅಂತ ಕಳಿಸಿದೆ.