ಬಂಗಡೆ ಅಳೆದ ಸ್ಕೇಲು

ಕಡಲ ಬದಿಯ ಶಾಲೆಯಲ್ಲಿ ಪರಿಸರದ ಪಾಠ ಮಾಡುವುದು ಸುಲಭ ಅಂತ ನಮ್ಮ ಬಯಲುಸೀಮೆ ಕಡೆಯ ಶಿಕ್ಷಕರು ಅಂದುಕೊಂಡಿರುತ್ತಾರೆ. ಕಿಟಕಿಯಾಚೆಗೇ ಪಾಠ ಬಿದ್ದಿದೆಯಲ್ಲ, ಇನ್ನೇನು ಕಷ್ಟ? ನಾನು ಹಾವೇರಿ ಕಡೆಯವಳು. ಕೆಲಸ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಕಡೆ, ಒಂದು ಸರಕಾರಿ ಶಾಲೆಯಲ್ಲಿ. ನಾಲ್ಕು, ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಎರಡೂ ನನ್ನವೇ. ಇಲ್ಲಿನ ಮಕ್ಕಳಿಗೆ ಭರತ-ಇಳಿತದ ಹೊತ್ತು ಗಡಿಯಾರ ನೋಡದೆ ಗೊತ್ತು. ಕಡಲಿನ ಬಣ್ಣ ನೋಡಿ ಅಪ್ಪ ಇವತ್ತು ದೋಣಿ ಇಳಿಸುತ್ತಾನೋ ಇಲ್ಲವೋ ಹೇಳುತ್ತಾರೆ. ಅಂಥವರ ಮುಂದೆ ನಿಂತು "ಕಡಲನ್ನು ಉಳಿಸಿ" ಅಂತ ಬೋಧಿಸಲು ಸ್ವಲ್ಪ ಧೈರ್ಯ ಬೇಕು.

ಮಾಮೂಲಿ ದಾರಿ ಎಲ್ಲರಿಗೂ ಗೊತ್ತಿರುವುದೇ. ಜೂನ್ 5ಕ್ಕೆ ಒಂದು ಜಾಥಾ, ಸೆಪ್ಟೆಂಬರಿನ ಮೂರನೇ ಶನಿವಾರ ಕಡಲತೀರ ಸ್ವಚ್ಛತೆ, ಒಂದು ಚಿತ್ರಕಲಾ ಸ್ಪರ್ಧೆ, ಫೋಟೊ, ವರದಿ. ಪ್ಲಾಸ್ಟಿಕ್ ಬೇಡ ಅಂತ ಬರೆದ ಬ್ಯಾನರ್ ಸ್ವತಃ ಫ್ಲೆಕ್ಸ್. ಚಿತ್ರಕ್ಕೆ ಕೂರಿಸಿದರೆ ಎಲ್ಲರೂ ಮೊಬೈಲಿನಲ್ಲಿ ನೋಡಿದ ನೀಲಿ ತಿಮಿಂಗಿಲವನ್ನೇ ಬರೆದು ಅದರ ಕಣ್ಣಿಂದ ನೀರು ಸುರಿಸುತ್ತಾರೆ. ಮನೆ ಹಿಂದಿನ ಹೊಳೆಯಲ್ಲಿ ಅಮ್ಮ ದಿನಾ ಆರಿಸುವ ಬಳಚು ಅನ್ನುವ ಚಿಪ್ಪುಮೀನನ್ನು ಒಬ್ಬರೂ ಬರೆಯುವುದಿಲ್ಲ. ಬಳಚು ಪರಿಸರಕ್ಕೆ ಸೇರಿದ್ದು ಅಂತ ಅವರಿಗೆ ಯಾರೂ ಹೇಳಿಲ್ಲ. ಅದು ಸಾರಿಗೆ ಸೇರಿದ್ದು.

ಹಾಗಾಗಿ ನಾನು ಬಳಚಿನಿಂದಲೇ ಶುರು ಮಾಡುತ್ತೇನೆ. ಬೇಕಾಗುವುದು ಎರಡು ಖಾಲಿ ಹಾರ್ಲಿಕ್ಸ್ ಬಾಟಲಿ, ಒಂದು ಬಕೆಟ್ ಹೊಳೆ ನೀರು. ನಲ್ಲಿ ನೀರು ಆಗುವುದಿಲ್ಲ, ಬಳಚು ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ. ಮಳೆಗಾಲದಲ್ಲಿ ಹೊಳೆಯೇ ಸಿಹಿಯಾಗಿರುತ್ತದೆ, ಆಗಲೂ ಬೇಡ. ಡಿಸೆಂಬರ್ ನಂತರ ಒಳ್ಳೆಯದು. ನೀರಿಗೆ ಸ್ವಲ್ಪ ಕೆಸರು ಕಲಕಿ ಎರಡೂ ಬಾಟಲಿಗೆ ಸಮ ಸುರಿಯಬೇಕು. ಒಂದಕ್ಕೆ ಜೀವ ಇರುವ ಬಳಚು ಹಾಕಬೇಕು, ಇನ್ನೊಂದಕ್ಕೆ ಬರೀ ಖಾಲಿ ಚಿಪ್ಪು. ಎರಡನೇ ಬಾಟಲಿ ಎಂತಕ್ಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಕೆಸರು ಬಿಟ್ಟರೆ ತಾನಾಗಿಯೂ ಕೆಳಗೆ ಕೂರುತ್ತದಲ್ಲ, ಬಳಚೇ ಮಾಡಿತು ಅಂತ ಹೇಗೆ ಹೇಳುವುದು? ಈ ಒಂದು ಪ್ರಶ್ನೆ ಮಕ್ಕಳ ಬಾಯಿಂದ ಬಂದರೆ ಆ ದಿನದ ವಿಜ್ಞಾನ ಮುಗಿದ ಹಾಗೆ.

ಮೊದಲು ಏನೂ ಆಗುವುದಿಲ್ಲ. ಗಣಿತ ಮಾಡುತ್ತಾ ಇರುತ್ತೇವೆ. ಆಮೇಲೆ ಹಿಂದಿನ ಬೆಂಚಿನಿಂದ "ಅಕ್ಕೋರೆ, ನಾಲಿಗೆ ಹಾಕ್ತು" ಅಂತ ಕೂಗು ಬರುತ್ತದೆ. ಈ ಕಡೆ ಟೀಚರನ್ನು ಅಕ್ಕೋರು ಅಂತಲೇ ಕರೆಯುವುದು. ಹತ್ತಿರ ಹೋಗಿ ನೋಡಿದರೆ ಚಿಪ್ಪು ಒಂದೆಳೆ ಬಿರಿದಿರುತ್ತದೆ. ಎರಡು ಸಣ್ಣ ಕೊಳವೆ ಹೊರಗೆ ಬಂದಿರುತ್ತವೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಒಳಗೆ ಹೋದ ನೀರಿನಲ್ಲಿ ತೇಲುವ ಸಣ್ಣ ಪಾಚಿ ಅದಕ್ಕೆ ಊಟ. ತಿನ್ನಲಾಗದ ಕೆಸರನ್ನು ಅಂಟು ಸೇರಿಸಿ ದಾರದ ಹಾಗೆ ಉಗುಳುತ್ತದೆ, ಅದು ತಳಕ್ಕೆ ಬೀಳುತ್ತದೆ. ಬಿಸಿಯೂಟ ಮುಗಿಸಿ ಬರುವಷ್ಟರಲ್ಲಿ ಒಂದು ಬಾಟಲಿಯ ಆಚೆ ಇರುವ ಕಿಟಕಿ ಸರಳು ಕಾಣುತ್ತಿರುತ್ತದೆ, ಇನ್ನೊಂದು ಇನ್ನೂ ಮಬ್ಬು. ಸಂಜೆ ಬಳಚನ್ನು ಹೊಳೆಗೇ ಬಿಡಬೇಕು ಅಂತ ನಿಯಮ. ಸಾರಿಗೆ ಒಯ್ಯುವಂತಿಲ್ಲ. ಇದಕ್ಕೆ ಮಾತ್ರ ಜೋರು ವಿರೋಧ ಇರುತ್ತದೆ.

ಹೊಳೆ ಸ್ವಚ್ಛ ಇಡಿ ಅಂತ ಅದಾದ ಮೇಲೆ ನಾನು ಹೇಳುವುದೇ ಇಲ್ಲ. ಚಿಪ್ಪೊಳಗೆ ನೀರಿನ ಜೊತೆ ಏನೇನು ಹೋಗಬಹುದು ಅಂತ ಕೇಳುತ್ತೇನೆ, ಅಷ್ಟೆ. ಪಟ್ಟಿ ಅವರೇ ಮಾಡುತ್ತಾರೆ. ಬೋಟಿನ ಎಣ್ಣೆ, ಸೋಪಿನ ನೀರು, ಪ್ಲಾಸ್ಟಿಕ್ ಪುಡಿ. ಕೊನೆಗೆ ಯಾರೋ ಒಬ್ಬರು "ಆಮೇಲೆ ಅದನ್ನ ನಾವು ತಿಂತೇವೆ" ಅಂತ ಸೇರಿಸುತ್ತಾರೆ.

ಅಘನಾಶಿನಿಯ ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಸಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ ಇಲ್ಲಿ ಕಡಲು ಸೇರುವ ತನಕ ಈ ಹೊಳೆಗೆ ಅಣೆಕಟ್ಟು ಇಲ್ಲ. ಅದಕ್ಕೇ ಉಪ್ಪು-ಸಿಹಿ ನೀರಿನ ಹದ ಇನ್ನೂ ಉಳಿದಿದೆ, ಬಳಚು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಉಪ್ಪು ನೀರಿಗೆ ಒಗ್ಗುವ ಕಗ್ಗ ಭತ್ತ ಎಲ್ಲ ಉಳಿದಿವೆ. ಮಕ್ಕಳಿಗೆ ಹೆಕ್ಟೇರ್ ತಲೆಗೆ ಹೋಗುವುದಿಲ್ಲ. ರಾಮ್ಸಾರ್ ಅಂದರೆ ಇರಾನಿನ ಒಂದು ಊರು, ನಿಮ್ಮ ಮನೆ ಹಿಂದಿನ ಕೆಸರು ಅಲ್ಲಿಯ ಹೆಸರಿನ ಪಟ್ಟಿಯಲ್ಲಿದೆ ಅಂದರೆ ಮಾತ್ರ ಕಣ್ಣು ಅಗಲ ಆಗುತ್ತದೆ.

ಇನ್ನು ಸ್ಕೇಲಿನ ವಿಷಯ. ಇದು ಹುಟ್ಟಿದ್ದು ಗಣಿತದ ತರಗತಿಯಲ್ಲಿ. ಅಳತೆ ಪಾಠದಲ್ಲಿ ಮಕ್ಕಳು ಯಾವಾಗಲೂ ಒಂದೇ ಕಡೆ ಎಡವುತ್ತಾರೆ. ಸ್ಕೇಲನ್ನು ಸೊನ್ನೆಯಿಂದ ಹಿಡಿಯುವುದಿಲ್ಲ, ತುದಿಯಿಂದ ಇಲ್ಲವೇ ಒಂದರಿಂದ ಹಿಡಿಯುತ್ತಾರೆ. ಪೆನ್ಸಿಲ್ ಅಳೆದು ಅಳೆದು ಎಲ್ಲರಿಗೂ ಬೇಜಾರು. ಮನೆಗೆ ಬಂದ ಮೀನು ಅಳೆದುಕೊಂಡು ಬನ್ನಿ ಅಂದೆ. ಮೂತಿಯ ತುದಿಯಿಂದ ಬಾಲದ ತುದಿ ತನಕ, ಮೀನಿನ ಹೆಸರು, ಉದ್ದ, ಅಷ್ಟೇ. ಮರುದಿನ ಬಂದ ಪುಸ್ತಕಗಳಿಗೆ ಮೀನಿನ ವಾಸನೆ. ತಾರ್ಲೆ 12, ಬಂಗಡೆ 19, ಬಂಗಡೆ 11, ಹೀಗೆ. ಸೊನ್ನೆಯ ತೊಂದರೆ ತಾನಾಗಿ ಹೋಯಿತು. ಒಂದೇ ಬುಟ್ಟಿಯ ಮೀನು ತಂದ ಅಕ್ಕಪಕ್ಕದ ಮನೆಯವರ ಲೆಕ್ಕ ತಾಳೆಯಾಗದೆ ಜಗಳ ಬಿತ್ತು, ಅಲ್ಲಿ ಎಲ್ಲರೂ ಕಲಿತರು.

ಬಂಗಡೆ ಮೊಟ್ಟೆ ಇಡುವುದು ಹತ್ತಿರ ಹತ್ತಿರ 18 ಸೆಂ.ಮೀ. ಬೆಳೆದ ಮೇಲೆ. ಕೇರಳ ಸರಕಾರ 2015ರಲ್ಲಿ ಕೆಲವು ಮೀನುಗಳಿಗೆ ಕನಿಷ್ಠ ಅಳತೆ ಕಟ್ಟಿತು. ಬಂಗಡೆಗೆ 14, ತಾರ್ಲೆಗೆ 10 ಸೆಂ.ಮೀ. ಅದಕ್ಕಿಂತ ಸಣ್ಣದನ್ನು ಹಿಡಿಯುವಂತಿಲ್ಲ. ಕಂಪಾಸ್ ಬಾಕ್ಸಿನ ಸ್ಕೇಲು 15 ಸೆಂ.ಮೀ. ಅಷ್ಟು ಹೇಳಿದ್ದೇ ತಡ, ಮಕ್ಕಳು ಸುಲಭ ಮಾಡಿಕೊಂಡರು. ಸ್ಕೇಲಿಗಿಂತ ಉದ್ದ ಇದ್ದ ಬಂಗಡೆ ಪಾಸು, ಗಿಡ್ಡ ಇದ್ದದ್ದು ಫೇಲು. ಕಪ್ಪು ಹಲಗೆಯ ಮೇಲೆ ಪಾಸು-ಫೇಲಿನ ಗೆರೆಗಳು ಏರಿದವು. ತಾರ್ಲೆಗೆ ಬೇರೆ ಅಳತೆ ಅಂತ ಒಬ್ಬಳು ವಾದ ಹೂಡಿದಳು, ಅದಕ್ಕೊಂದು ಬೇರೆ ಪಟ್ಟಿ ಆಯಿತು.

ಇಂಥ ಪಾಠ ಮನೆ ತನಕ ಹೋಗದೆ ಇರುವುದಿಲ್ಲ. ಒಬ್ಬ ತಾಯಿ ಶಾಲೆಗೆ ಬಂದರು. ಸಿಟ್ಟು ಇರಲಿಲ್ಲ, ನಗುತ್ತಲೇ ಹೇಳಿದರು. "ಅಕ್ಕೋರೆ, ನಮ್ಮನೆ ಹುಡ್ಗ ಊಟಕ್ಕೆ ಕೂತ್ರೂ ಸ್ಕೇಲ್ ತೆಗೀತಾನೆ. ಅಪ್ಪ ತಂದ ಮೀನು ಫೇಲ್ ಅಂತಾನೆ. ಅವ್ರಿಗೆ ಬೇಜಾರಾಗ್ತದೆ." ಆಮೇಲೆ ಸ್ವಲ್ಪ ನಿಂತು ಇನ್ನೊಂದು ಮಾತು ಹೇಳಿದರು. "ನಮ್ದು ಸಣ್ಣ ದೋಣಿ. ನಾವು ಹಿಡಿಯೋದೆಷ್ಟು ಹೇಳಿ."

ನನ್ನ ಕೆಲಸದಲ್ಲಿ ನಾನು ಪಕ್ಕಾ ಮಾಡಿಕೊಂಡಿರುವ ಸಂಗತಿ ಇದೇ. ಮಗುವನ್ನು ಅಪ್ಪ-ಅಮ್ಮನ ಮೇಲೆ ಪೊಲೀಸ್ ಮಾಡಬಾರದು. ಪರಿಸರ ಪಾಠದ ಹೆಸರಿನಲ್ಲಿ ಇದು ಸಿಕ್ಕಾಪಟ್ಟೆ ನಡೆಯುತ್ತದೆ. ಪಟಾಕಿ ಬೇಡ ಅನ್ನಿ, ಪ್ಲಾಸ್ಟಿಕ್ ಚೀಲ ಕಸಿದುಕೊಳ್ಳಿ, ಮನೆಯಲ್ಲಿ ತಪ್ಪು ಮಾಡಿದವರ ಪಟ್ಟಿ ಬರೆದು ತನ್ನಿ. ಪೇಟೆ ಮನೆಯಲ್ಲಿ ಅದು ತಮಾಷೆ ಇರಬಹುದು. ಮೀನು ಹಿಡಿದು ಬದುಕುವ ಮನೆಯಲ್ಲಿ ಅದು ಅಪ್ಪನ ದುಡಿಮೆಯ ಮೇಲೆ ಬೆರಳು ತೋರಿಸಿದ ಹಾಗೆ. ಸಣ್ಣ ಮೀನು ಟನ್‌ಗಟ್ಟಲೆ ಏಳುವುದು ಪಾತಿದೋಣಿಯಂಥ ಸಣ್ಣ ದೋಣಿಯಿಂದ ಅಲ್ಲ. ಅದು ದೊಡ್ಡ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನಲ್ಲಿ ಬರುತ್ತದೆ, ಊಟಕ್ಕಾಗದ್ದು ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ರಾತ್ರಿ ಎಲ್‌ಇಡಿ ದೀಪ ಬಿಟ್ಟು ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ದೀಪಗಳು ಇನ್ನೂ ಕಾಣುತ್ತವೆ ಅಂತ ಊರವರು ಹೇಳುತ್ತಾರೆ. ಹತ್ತು ವರ್ಷದ ಮಗುವಿಗೆ ಹೊಣೆ ಹಂಚುವಾಗ ಇಷ್ಟಾದರೂ ಲೆಕ್ಕ ಸರಿ ಇರಬೇಕು, ಅಲ್ವಾ?

ಅಳತೆ ನಿಲ್ಲಿಸಲಿಲ್ಲ. ಪಾಸು-ಫೇಲು ಮಾತ್ರ ಒರೆಸಿದೆವು. ಬದಲಿಗೆ ಅಪ್ಪಂದಿರನ್ನೇ ತರಗತಿಗೆ ಕರೆದೆವು. ಇದಕ್ಕೆ ಜೂನ್, ಜುಲೈ ಹೇಳಿ ಮಾಡಿಸಿದ ತಿಂಗಳು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಬೋಟಿಗೆ ಹೋಗುವವರೆಲ್ಲ ಮನೆಯಲ್ಲೇ ಬಲೆ ರಿಪೇರಿ ಮಾಡುತ್ತಾ ಕೂತಿರುತ್ತಾರೆ. ಶಾಲೆಯೂ ಆಗಷ್ಟೇ ಶುರುವಾಗಿರುತ್ತದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಕರೆದರೆ ಬಾರದವರು ಬಲೆ ತೋರಿಸಲು ಕರೆದರೆ ಬರುತ್ತಾರೆ. ಇದನ್ನು ಬೇರೆ ಶಾಲೆಯವರೂ ಮಾಡಿ ನೋಡಬಹುದು.

ಒಬ್ಬರು ಬಂದು ನೆಲದ ಮೇಲೆ ಬಲೆ ಹರಡಿದರು. ಬಲೆಗೆ ಕಣ್ಣು ಇರುತ್ತದೆ, ಮೀನಿಗೆ ತಕ್ಕ ಕಣ್ಣು. ಟ್ರಾಲ್ ಬಲೆಯ ತುದಿಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಇರಬೇಕು ಅಂತ ನಿಯಮ ಇದೆ, ಸಣ್ಣ ಮೀನು ತಪ್ಪಿಸಿಕೊಳ್ಳಲಿ ಅಂತ. ಮಕ್ಕಳು ಪುಸ್ತಕದಲ್ಲಿ 35 ಮಿ.ಮೀ. ಚೌಕ ಬರೆದು ಕತ್ತರಿಸಿ, ಅದರೊಳಗೆ ಬೆರಳು ತೂರಿಸಿ ನೋಡಿದರು. ಬಲೆ ತಂದವರು ವಜ್ರದಾಕಾರದ ಕಣ್ಣಿನ ಬಲೆಯನ್ನು ಎರಡು ಕಡೆಯಿಂದ ಎಳೆದು ತೋರಿಸಿದರು. ಎಳೆದ ಕೂಡಲೇ ಕಣ್ಣು ಮುಚ್ಚಿಕೊಂಡಿತು. "ಬೋಟ್ ಎಳೀವಾಗ ಹೀಗೇ ಆಗ್ತದೆ. ಚೌಕ ಆದ್ರೆ ಮುಚ್ಚೂದಿಲ್ಲ" ಅಂದರು. ಚೌಕ ಯಾಕೆ ಅಂತ ನನಗೆ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಮೊದಲು ಊಟಕ್ಕೆ ಸ್ಕೇಲು ತೆಗೆದಿದ್ದ ಹುಡುಗನ ಅಪ್ಪನೂ ಬಂದಿದ್ದರು. ಬಲೆಯ ಇನ್ನೊಂದು ತುದಿ ಹಿಡಿದದ್ದು ಅವರೇ.

ಅದೇ ದಿನ ಹರಿದ ಬಲೆ ತುಂಡಿನ ವಿಷಯ ಬಂತು. ನೈಲಾನ್ ತುಂಡುಗಳನ್ನು ಕಡಲಲ್ಲೇ ಬಿಸಾಡುತ್ತಾರೆ. ಅದು ಕರಗುವುದಿಲ್ಲ, ಅದಕ್ಕೆ ಮೀನು, ಕಡಲಾಮೆ ಸಿಕ್ಕಿಕೊಳ್ಳುತ್ತಲೇ ಇರುತ್ತವೆ. ನಾವು ಬೈಯಲಿಲ್ಲ. ದಡಕ್ಕೆ ತಂದರೆ ಎಲ್ಲಿ ಹಾಕಬೇಕು ಅಂತ ಬಂದಿದ್ದ ಅಪ್ಪಂದಿರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಈಗ ದೋಣಿ ನಿಲ್ಲುವಲ್ಲಿ ಒಂದು ಅಕ್ಕಿ ಚೀಲ ಕಟ್ಟಿದೆ. ತುಂಬಿದ ಮೇಲೆ ಅದನ್ನು ಒಯ್ಯುವವರು ಯಾರು ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ.

ಕಡಲತೀರದ ಕಸ ಹೆಕ್ಕುವುದನ್ನೂ ಬಿಟ್ಟಿಲ್ಲ, ರೀತಿ ಬದಲಾಗಿದೆ. ಎಷ್ಟು ಚೀಲ ತುಂಬಿತು ಅಂತ ಎಣಿಸುವುದಿಲ್ಲ. ಎಲ್ಲಿಂದ ಬಂತು ಅಂತ ವಿಂಗಡಿಸುತ್ತೇವೆ. ಮರಳಿನ ಮೇಲೆ ಕೋಲಿನಲ್ಲಿ ನಾಲ್ಕು ಮನೆ ಗೀರುತ್ತಾರೆ. ಬೋಟಿನದು, ಹೊಳೆ ತಂದದ್ದು, ಪ್ರವಾಸಿಗಳದು, ನಮ್ಮ ಊರಿನದು. ಹಗ್ಗದ ಚೂರು, ಥರ್ಮಾಕೋಲ್ ಬೋಟಿಗೆ. ಗುಟ್ಕಾ ಚೀಟಿ ಎಲ್ಲಿಗೆ ಅನ್ನುವುದಕ್ಕೆ ಪ್ರತಿ ಸಲ ಜಗಳ. ಒಂಟಿ ಚಪ್ಪಲಿಗೆ ಬೇರೆಯೇ ಮನೆ ಮಾಡಬೇಕಾಯಿತು, ಅಷ್ಟು ಸಿಗುತ್ತದೆ. ಓದಲು ಬರುವವರು ಪೊಟ್ಟಣದ ಮೇಲಿನ ತಾರೀಕು ಹುಡುಕುತ್ತಾರೆ. ಐದನೇ ತರಗತಿಯ ಹುಡುಗಿಯೊಬ್ಬಳಿಗೆ 2011ರ ಬಿಸ್ಕತ್ ಪೊಟ್ಟಣ ಸಿಕ್ಕಿತು. ಬಣ್ಣ ಮಾಸಿತ್ತು, ಅಕ್ಷರ ಗಟ್ಟಿ ಇತ್ತು. "ಅಕ್ಕೋರೆ, ಇದು ನನಗಿಂತ ದೊಡ್ಡದು" ಅಂದಳು. ಪ್ಲಾಸ್ಟಿಕ್ ಎಷ್ಟು ಕಾಲ ಇರುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ. ಅದನ್ನು ಗೋಡೆಗೆ ಅಂಟಿಸಿದ್ದೇವೆ.

ಕಡಲಾಮೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ಆಲಿವ್ ರಿಡ್ಲೆ ಚಳಿಗಾಲದಲ್ಲಿ ಈ ತೀರಕ್ಕೂ ಮೊಟ್ಟೆ ಇಡಲು ಬರುತ್ತದೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆಯ ಬೇಲಿ ಕಟ್ಟುತ್ತಾರೆ. ಮರಿ ಹೊರಬೀಳುವ ದಿನ ಮಕ್ಕಳನ್ನು ಕರೆದೊಯ್ಯಿರಿ, ಆದರೆ ಮರಿ ಕೈಗೆತ್ತಿಕೊಂಡು ಫೋಟೊ ತೆಗೆಸಬೇಡಿ. ಮೊಬೈಲ್ ಟಾರ್ಚ್ ಅಂತೂ ಬೇಡವೇ ಬೇಡ. ಮರಿಗಳು ಬೆಳಕಿನ ಕಡೆ ತಿರುಗುತ್ತವೆ, ಕಡಲು ಬಿಟ್ಟು ನಿಮ್ಮ ಕಡೆಗೇ ಬರುತ್ತವೆ.

ಹೊಸದಾಗಿ ಕರಾವಳಿಗೆ ವರ್ಗವಾಗಿ ಬರುವ ಶಿಕ್ಷಕರಿಗೆ ಒಂದೆರಡು ವಿಷಯ. ತೀರಕ್ಕೋ ಹೊಳೆಗೋ ಹೊರಡುವ ಮೊದಲು ಇಳಿತದ ಹೊತ್ತು ಯಾರಾದರೂ ಅಮ್ಮಂದಿರ ಹತ್ತಿರ ಕೇಳಿಕೊಳ್ಳಿ. ಬಳಚು ಆರಿಸಲು ಹೋಗುವ ಒಬ್ಬರಿಬ್ಬರನ್ನು ಜೊತೆಗೇ ಕರೆದುಕೊಳ್ಳಿ, ಕೆಸರಿನಲ್ಲಿ ಕಾಲು ಎಲ್ಲಿ ಹೂತುಹೋಗುತ್ತದೆ ಅಂತ ಅವರಿಗೆ ಗೊತ್ತು. ಜೂನ್‌ನಿಂದ ಆಗಸ್ಟ್ ತನಕ ಮಕ್ಕಳನ್ನು ಅಲೆಯ ಹತ್ತಿರ ಬಿಡಲೇಬೇಡಿ, ಇಲಾಖೆಯ ಸುತ್ತೋಲೆ ಏನೇ ಹೇಳಲಿ. ಕಸ ಹೆಕ್ಕುವಾಗ ಒಡೆದ ಬಾಟಲಿ, ಸಿರಿಂಜ್ ಕಂಡರೆ ಮಕ್ಕಳು ಮುಟ್ಟದೆ ಕೈ ಎತ್ತಿ ನಿಲ್ಲಬೇಕು, ದೊಡ್ಡವರು ಬಂದು ಎತ್ತಬೇಕು. ಹೆಕ್ಕಿದ ಚೀಲ ಒಯ್ಯಲು ಪಂಚಾಯತಿ ಗಾಡಿ ಯಾವತ್ತು ಬರುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಂಡು, ಅದೇ ದಿನ ಸ್ವಚ್ಛತೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಚೀಲಗಳು ಅಲ್ಲೇ ಕೂರುತ್ತವೆ, ನಾಯಿ ಎಳೆಯುತ್ತವೆ, ಮುಂದಿನ ದೊಡ್ಡ ಭರತಕ್ಕೆ ಎಲ್ಲ ವಾಪಸ್ ಕಡಲಿಗೇ ಹೋಗುತ್ತದೆ.